ಕೊಚ್ಚಿಯಲ್ಲಿ ಒಂದು ದಿನ ಸಿಕ್ರೆ ಏನೇನು ನೋಡೋದು?

ಪ್ರಶ್ನೆ: ಸಂಬಂಧಿಕರ ಮದುವೆಗೆ ಎರ್ನಾಕುಳಂಗೆ ಹೋಗ್ತಿದೀವಿ, ಮದುವೆ ಭಾನುವಾರ. ಶುಕ್ರವಾರ ಇಲ್ಲಾ ಸೋಮವಾರ, ಎರಡರಲ್ಲಿ ಒಂದು ದಿನ ಊರು ನೋಡ್ಬಹುದು. ಅಮ್ಮಂಗೆ ಮಂಡಿನೋವು, ಮೇಲಾಗಿ ನಾವು ಸಸ್ಯಾಹಾರಿಗಳು. ನೆಟ್ಟಲ್ಲಿ ನೋಡಿದ್ರೆ ಒಂದೇ ದಿನಕ್ಕೆ ಹದಿನೈದು ಜಾಗ ಹೇಳ್ತಾರೆ. ಏನು ಮಾಡೋದು?
– ಓದುಗರು, ದಾವಣಗೆರೆ

ಉತ್ತರ: ಕಣ್ಣುಮುಚ್ಚಿ ಸೋಮವಾರ ಇಟ್ಕೊಳ್ಳಿ. ಶುಕ್ರವಾರ ಮಟ್ಟಾಂಚೇರಿ ಅರಮನೆಗೂ ರಜೆ, ಯಹೂದಿಗಳ ಪ್ರಾರ್ಥನಾ ಮಂದಿರಕ್ಕೂ ರಜೆ, ಹೋದೋರು ಗೋಡೆ ನೋಡ್ಕೊಂಡು ಬರ್ಬೇಕಷ್ಟೆ. ಆ ಹದಿನೈದು ಜಾಗದ ಪಟ್ಟಿ ಮರೆತುಬಿಡಿ, ಫೋರ್ಟ್ ಕೊಚ್ಚಿ ಮತ್ತೆ ಪಕ್ಕದ ಮಟ್ಟಾಂಚೇರಿ ಎರಡೇ ಸಾಕು.

ಎರ್ನಾಕುಳಂನಿಂದ ಟ್ಯಾಕ್ಸಿ ಮಾಡ್ಬೇಡಿ, ನೀರಿನ ಮೇಲೇ ಹೋಗಿ. ಸರ್ಕಾರಿ ಬೋಟು ಚಿಲ್ರೆ ಕಾಸಿಗೆ ಸಿಗುತ್ತೆ, ಆದ್ರೆ ಅಮ್ಮ ಜೊತೆಗಿರೋದ್ರಿಂದ ಹೈಕೋರ್ಟ್ ಜೆಟ್ಟಿಯಿಂದ ಹೊರಡೋ ವಾಟರ್ ಮೆಟ್ರೋನೇ ವಾಸಿ, 2023ರಲ್ಲಿ ಶುರುವಾಗಿದ್ದು, ಎಸಿ ಇದೆ, ಜೆಟ್ಟಿ ನೆಲ ಬೋಟಿನ ಮಟ್ಟಕ್ಕೇ ತೇಲ್ತಿರುತ್ತೆ, ಹಾಗಾಗಿ ಕಾಲು ಎತ್ತಿಟ್ಟು ಹತ್ತೋ ಕಷ್ಟ ಇಲ್ಲ.

ಬೆಳಿಗ್ಗೆ ಬೇಗ ಹೋದ್ರೆ ಫೋರ್ಟ್ ಕೊಚ್ಚಿ ದಡದಲ್ಲಿ ಮೀನು ಹಿಡಿಯೋ ಚೀನಾ ಬಲೆ ಹತ್ರ ಜನ ಕಮ್ಮಿ. ಅಲ್ಲಿ ಒಂದರ್ಧ ಗಂಟೆ ಸುಮ್ನೆ ನಿಂತ್ಕೊಳ್ಳಿ. ಉದ್ದುದ್ದ ಮರದ ಕಂಬಗಳ ತುದಿಗೆ ಬಲೆ, ಹಿಂದುಗಡೆ ಹಗ್ಗಕ್ಕೆ ಕಟ್ಟಿರೋ ದೊಡ್ಡ ದೊಡ್ಡ ಕಲ್ಲುಗಳು, ನಾಲ್ಕೈದು ಜನ ಹಗ್ಗ ಜಗ್ಗಿದ್ರೆ ಕಲ್ಲು ಕೆಳಗಿಳಿಯುತ್ತೆ ಬಲೆ ಮೇಲೇಳುತ್ತೆ, ನಮ್ಮೂರ ಏತದ ಲೆಕ್ಕಾನೇ. ನಿಮ್ಮನ್ನೂ ಎಳೀರಿ ಬನ್ನಿ ಅಂತ ಕರೀತಾರೆ, ಎಳೆದ್ಮೇಲೆ ಕಾಸು ಕೇಳ್ತಾರೆ, ಕೊಡಿ.

ನಡೆದು ಹೋಗೋ ದೂರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ವಾಸ್ಕೋ ಡ ಗಾಮ ತೀರಿಕೊಂಡಾಗ ಹೂತಿದ್ದು ಇಲ್ಲೇ, ಆಮೇಲೆ ಅಸ್ಥಿನ ಪೋರ್ಚುಗಲ್‌ಗೆ ಸಾಗಿಸಿದ್ರು, ಈಗಿರೋದು ಬರೀ ಸಮಾಧಿ ಕಲ್ಲು. ನಂಗೆ ಅದಕ್ಕಿಂತ ಇಷ್ಟ ಆಗಿದ್ದು ತಲೆ ಮೇಲೆ ಸಾಲಾಗಿ ತೂಗೋ ಬಟ್ಟೆ ಬೀಸಣಿಗೆಗಳು, ಅದರ ಹಗ್ಗ ಎಳೆಯೋ ಆಳುಗಳು ಹೊರಗೆ ಬಿಸಿಲಲ್ಲಿ ಕೂತಿರ್ತಿದ್ರಂತೆ!

ಅಲ್ಲಿಂದ ಮಟ್ಟಾಂಚೇರಿಗೆ ಆಟೋ. ಡ್ರೈವರು ಕಮ್ಮಿ ರೇಟು ಹೇಳಿದ್ರೆ ದಾರೀಲಿ ಯಾವುದೋ ಅಂಗಡಿಗೆ ಕಮಿಷನ್ ಆಸೆಗೆ ನಿಲ್ಲಿಸ್ತಾನೆ ಅಂತ್ಲೇ ಅರ್ಥ, ಹತ್ತೋಕ್ಮುಂಚೆನೇ ‘ನೋ ಶಾಪಿಂಗ್’ ಅಂದ್ಬಿಡಿ. ಅರಮನೆಗೆ ಡಚ್ ಪ್ಯಾಲೇಸ್ ಅಂತಾರೆ, ಕಟ್ಟಿಸಿದ್ದು ಮಾತ್ರ ಪೋರ್ಚುಗೀಸರು, ಡಚ್ಚರು ರಿಪೇರಿ ಮಾಡಿಸಿ ಹೆಸರು ಹೊಡ್ಕೊಂಡ್ರು. ಮೆಟ್ಟಿಲು ಹತ್ತಬೇಕು, ಆದ್ರೂ ಅಮ್ಮನ್ನ ನಿಧಾನಕ್ಕೆ ಹತ್ತಿಸಿ, ರಾಜರ ಮಲಗೋ ಕೋಣೆ ಗೋಡೆ ತುಂಬಾ ಇಡೀ ರಾಮಾಯಣ ಬರೆದಿದ್ದಾರೆ, ಯಾರು ಯಾರು ಅಂತ ನಿಮಗಿಂತ ಚೆನ್ನಾಗಿ ಅವರೇ ಗುರುತು ಹಿಡೀತಾರೆ. 1568ರ ಯಹೂದಿ ಮಂದಿರದಲ್ಲಿ ನೆಲ ನೋಡಿ, ಚೀನಾದಿಂದ ತಂದ ನೀಲಿ-ಬಿಳಿ ಟೈಲ್ಸು, ಎಲ್ಲಾ ಕೈಲೇ ಚಿತ್ರ ಬರೆದಿದ್ದು. ಚಪ್ಪಲಿ ಹೊರಗೆ ಬಿಡ್ಬೇಕು, ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕಿರ್ತಾರೆ.

ಊಟದ ಚಿಂತೆ ಬೇಡ. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಕೊಂಕಣಿಗರು ಮಂಗಳೂರು, ಕುಮಟಾ ಕಡೆ ಬಂದಂಗೇ ಇಲ್ಲಿಗೂ ಬಂದು ನೆಲೆಸಿದ್ದಾರೆ, ಗುಜರಾತಿಗಳೂ ಇದ್ದಾರೆ, ಹಾಗಾಗಿ ಮಟ್ಟಾಂಚೇರಿಲೇ ಸಸ್ಯಾಹಾರ ಸಲೀಸು.

ಇನ್ನೊಂದು, ಯಹೂದಿ ಬೀದಿ ತುಂಬಾ ಮಸಾಲೆ ಅಂಗಡಿ, ಘಮಘಮ ಅಂತಿರುತ್ತೆ, ಮೂಸಿ ನೋಡಿ ಮುಂದೆ ಹೋಗಿ. ಟೂರಿಸ್ಟ್ ರೇಟು ಕೊಟ್ಟು ಕಾಳುಮೆಣಸು ಹೊತ್ಕೊಂಡು ಬರೋಕೆ ನಮ್ಮ ಸಕಲೇಶಪುರದಲ್ಲೇನು ಬರಗಾಲನಾ?