ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

(ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಆ ಅಕ್ಕ ನನ್ನ ಬಳಿ ಸಲಹೆಗೆಂದು ಒಬ್ಬರೇ ಬಂದಿದ್ದರು. ವಯಸ್ಸು 58. ಕೂತ ಕೂಡಲೇ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಸ್ಕೇಲಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದರು. ಎಷ್ಟು ಲೋಟ ನೀರು, ಎಷ್ಟು ಸಲ ಮೂತ್ರ, ಎಷ್ಟು ಪ್ಯಾಡ್, ಎಷ್ಟು ಸಲ ಸಿಟ್ಟು. "ಕೊನೇ ಕಾಲಂ ನಮ್ಮ ಮನೆಯವರಿಗೆ ಗೊತ್ತಿಲ್ಲ ಮೇಡಂ" ಎಂದವರು ಅತ್ತುಬಿಟ್ಟರು.

ಯಜಮಾನರಿಗೆ 64 ವರ್ಷ, ನಿವೃತ್ತ ಬಸ್ ಕಂಡಕ್ಟರ್. ರಕ್ತದಲ್ಲಿ ಪಿ.ಎಸ್.ಎ. (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಒಂದು ಪ್ರೋಟೀನ್) ಜಾಸ್ತಿ ಬಂದು, ಬಯಾಪ್ಸಿಯಲ್ಲಿ (ಗ್ರಂಥಿಯ ಚೂರು ತೆಗೆದು ಮಾಡುವ ಪರೀಕ್ಷೆ) ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ರೋಗ ಗ್ರಂಥಿಯೊಳಗೇ ಇತ್ತು. ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. 12ನೇ ದಿನ ಮೂತ್ರದ ಟ್ಯೂಬೂ ಹೊರಬಂತು. ಎಲ್ಲ ಮುಗಿಯಿತು ಅಂದುಕೊಂಡಿದ್ದರು. ಆದರೆ ಅವತ್ತಿನಿಂದ ಕೆಮ್ಮಿದರೆ, ಎದ್ದರೆ ಸೋರುವುದು ಶುರುವಾಯಿತು. ನನ್ನ ಬಳಿ ಬಂದಾಗ ಆಪರೇಷನ್ ಆಗಿ ಐದು ವಾರ. ನೆಂಟರಿಗೆಲ್ಲ "ಹರ್ನಿಯಾ" ಎಂದು ಹೇಳಿದ್ದರು.

ಅಕ್ಕ ಹೇಳಿದ ಒಂದು ಸಂಗತಿ ನನಗೆ ಮರೆಯಲಾಗುವುದಿಲ್ಲ. ಯಜಮಾನರು ಹಾಲ್‌ನ ಕುರ್ಚಿಯಲ್ಲಿ ಕೂರುವ ಮುಂಚೆ ಪೇಪರ್ ಮಡಚಿ ಹಾಸುತ್ತಾರೆ. ಏಳುವಾಗ ಅದನ್ನು ಮುಟ್ಟಿ ನೋಡುತ್ತಾರೆ. ಒದ್ದೆಯಾಗಿದ್ದರೆ ಇನ್ನೂ ಚಿಕ್ಕದಾಗಿ ಮಡಚಿ, ಅಂಗಿಯೊಳಗೆ ಇಟ್ಟುಕೊಂಡು ಹಿತ್ತಲಿಗೆ ಹೋಗುತ್ತಾರೆ. ಮೂವತ್ತು ವರ್ಷ ಸಾವಿರಾರು ಜನರ ಮಧ್ಯೆ ನಿಂತು ಟಿಕೆಟ್ ಹರಿದ ಮನುಷ್ಯ. ಈಗ ಗೇಟಿನ ಹತ್ತಿರವೂ ಹೋಗುತ್ತಿಲ್ಲ. ಸಂಜೆ ನಾಲ್ಕರ ಮೇಲೆ ನೀರೇ ಕುಡಿಯುವುದಿಲ್ಲ.

ಈ ಅಕ್ಕ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಪ್ಯಾಡ್ ತರುವುದು, ಬದಲಿಸು ಎಂದು ನೆನಪಿಸುವುದು, ಲೆಕ್ಕ ಬರೆಯುವುದು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಆಯ್ತಾ? ಬದಲಿಸಿದ್ರಾ?" ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಗಂಡಸಿಗೆ ತಾನು ತೊಟ್ಟಿಲ ಮಗುವಾದೆ ಅನ್ನಿಸುತ್ತದೆ, ಅಲ್ವಾ? ಸಿಟ್ಟಿನ ಕಾಲಂ ತುಂಬಿದ್ದು ಅಲ್ಲಿಂದಲೇ.

ಮುಂದಿನ ವಾರ ಇಬ್ಬರನ್ನೂ ಕೂರಿಸಿಕೊಂಡೆ. ಮೊದಲು ಸೋರುವುದು ಯಾಕೆ ಎಂದು ಬಿಡಿಸಿ ಹೇಳಿದೆ. ಆಸ್ಪತ್ರೆಯಲ್ಲಿ ಹೇಳಿರಬಹುದು. ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದ ಮೇಲೆ ಬೇರೆ ಯಾವುದೂ ಒಳಗೆ ಇಳಿಯುವುದಿಲ್ಲ. ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಬಾಯಿಯಲ್ಲೇ. ಮೂತ್ರ ತಡೆಯಲು ಅಲ್ಲಿ ಎರಡು ನಲ್ಲಿ ಇದ್ದ ಹಾಗೆ. ಗ್ರಂಥಿ ತೆಗೆದಾಗ ಮೇಲಿನ ನಲ್ಲಿಯ ಬಲ ಹೋಗುತ್ತದೆ. ಕೆಳಗಿನ ಸ್ನಾಯು ಒಂದೇ ಪೂರ್ತಿ ಭಾರ ಹೊರುವುದನ್ನು ಕಲಿಯಬೇಕು. ಅದಕ್ಕೆ ಕೆಲವು ತಿಂಗಳು ಬೇಕು, ಹೆಚ್ಚಿನವರಿಗೆ ಒಂದು ವರ್ಷದೊಳಗೆ ತುಂಬಾ ಸುಧಾರಿಸುತ್ತದೆ. ಯಜಮಾನರು ತಲೆ ಎತ್ತಿ ಕೇಳಿದರು, "ಹಾಗಾದ್ರೆ ಇದು ಕ್ಯಾನ್ಸರ್ ವಾಪಸ್ ಬಂದಿದ್ದಲ್ವಾ?" ಸೋರಲು ಶುರುವಾದಾಗಿನಿಂದ ಆ ಭಯವನ್ನು ಒಬ್ಬರೇ ಹೊತ್ತಿದ್ದರು.

ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟೆ. ಕೊನೇ ಕಾಲಮ್ಮಿನ ಪಟ್ಟಿಯನ್ನು ಅಕ್ಕ ತಾವೇ ಕತ್ತರಿಸಿ ತೆಗೆದಿದ್ದರು. "ಜೀವನವಿಡೀ ಟಿಕೆಟ್ ಲೆಕ್ಕದ ವೇಬಿಲ್ ಬರೆದವರು ನೀವು, ಈ ಲೆಕ್ಕವೂ ನಿಮ್ಮದೇ" ಎಂದೆ. ನೀರು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾದರೆ ಚೀಲ ಇನ್ನಷ್ಟು ಕೆರಳುತ್ತದೆ, ಸಂಜೆಯ ಕಾಫಿ ಬಿಡಿ ಎಂದೆ. ಗಾಳಿ ಹೋಗದಂತೆ ಬಿಗಿ ಹಿಡಿಯುತ್ತೀರಲ್ಲ, ಅದೇ ಸ್ನಾಯುವನ್ನು ಐದು ಸೆಕೆಂಡ್ ಬಿಗಿ ಮಾಡಿ, ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಉಸಿರು ಕಟ್ಟಬಾರದು. ಏಳುವ ಮುಂಚೆ, ಕೆಮ್ಮುವ ಮುಂಚೆ ಒಮ್ಮೆ ಬಿಗಿ ಹಿಡಿಯಬೇಕು. ಸರಿಯಾಗಿ ಕಲಿಯಲು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ಡಾಕ್ಟರ್ ಹೇಳುವ ತನಕ ಭಾರ ಎತ್ತಬೇಡಿ ಎಂದೆ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ, ಒಂದೇ ಕಾಲು ಊದಿ ನೋವಾದರೆ, ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಆಮೇಲೆ ಇಬ್ಬರೂ ಮುಟ್ಟದೇ ಬಿಟ್ಟಿದ್ದ ಮಾತಿಗೆ ಬಂದೆ. ಟ್ಯೂಬ್ ಎಳೆದುಹೋದೀತು ಎಂಬ ಹೆದರಿಕೆಗೆ ಅಕ್ಕ ಹಾಲ್‌ನಲ್ಲಿ ಮಲಗತೊಡಗಿದ್ದರು. ಟ್ಯೂಬ್ ತೆಗೆದ ಮೇಲೂ ವಾಪಸ್ ಹೋಗಿರಲಿಲ್ಲ, ಯಜಮಾನರಿಗೆ ಮುಜುಗರವಾದೀತು ಎಂದು. ಅವರೋ, "ವಾಸನೆಗೆ ಅಸಹ್ಯಪಟ್ಟು ಹೋದಳು" ಅಂದುಕೊಂಡಿದ್ದರು. ಇದನ್ನು ಕೇಳಿ ಅಕ್ಕ ಏನೂ ಹೇಳಲಿಲ್ಲ. ಸುಮ್ನೆ ಅವರ ಮಂಡಿಯ ಮೇಲೆ ಕೈಯಿಟ್ಟರು. ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಲೈಂಗಿಕ ಶಕ್ತಿಯ ವಿಷಯವನ್ನೂ ನೇರವಾಗಿಯೇ ಹೇಳಿದೆ. ನರಗಳನ್ನು ಉಳಿಸಿ ಆಪರೇಷನ್ ಮಾಡಿದ್ದರೂ ನಿಮಿರುವಿಕೆ ಮರಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲ. ವೀರ್ಯ ಇನ್ನು ಬರುವುದಿಲ್ಲ, ಸುಖದ ಅನುಭವ ಉಳಿಯಬಹುದು. ನಿಮಿರುವಿಕೆಗೆ ಮಾತ್ರೆಗಳಿವೆ, ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅವನ್ನು ಮುಟ್ಟಬಾರದು. ಹಾಗಾಗಿ ಡಾಕ್ಟರನ್ನೇ ಕೇಳಬೇಕು. ಅಲ್ಲಿಯವರೆಗೆ ಪಕ್ಕದಲ್ಲಿ ಮಲಗಲು, ಕೈ ಹಿಡಿಯಲು ಯಾರ ಅನುಮತಿಯೂ ಬೇಡ.

ಅಕ್ಕನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ತಂಗಿಗಾದರೂ ನಿಜ ತಿಳಿಸಿ, ಅವಳು ಬಂದ ದಿನ ಎರಡು ತಾಸು ಹೊರಗೆ ಹೋಗಿ ಬನ್ನಿ. ಯಜಮಾನರನ್ನು ಕೇಳಿಯೇ ಹೇಳಿದರು. ಅವರೂ "ಹೂಂ" ಎಂದರಂತೆ.

ನಾಲ್ಕನೇ ತಿಂಗಳಲ್ಲಿ ಯಜಮಾನರು ಮಗಳ ಊರಿಗೆ ಬಸ್ಸಿನಲ್ಲೇ ಹೋಗಿ ಬಂದರು. ಯಾವ ಸ್ಟ್ಯಾಂಡಿನಲ್ಲಿ ಬಸ್ ಎಷ್ಟು ನಿಮಿಷ ನಿಲ್ಲುತ್ತದೆ, ಎಲ್ಲಿ ಶೌಚಾಲಯ ಸ್ವಚ್ಛ, ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ದಿನಕ್ಕೆ ಆರು ಇದ್ದ ಪ್ಯಾಡ್ ಈಗ ಎರಡು. ಮುಂದಿನ ಪಿ.ಎಸ್.ಎ. ಪರೀಕ್ಷೆ ಬರುವ ತಿಂಗಳು. ಆ ವಾರ ಇಬ್ಬರಿಗೂ ನಿದ್ದೆ ಬರುವುದಿಲ್ಲವೆಂದು ಈಗಲೇ ಹೇಳಿದ್ದಾರೆ. ಅದಕ್ಕೇ ಹಿಂದಿನ ದಿನ ಸಂಜೆ ನನ್ನ ಬಳಿ ಬರಲು ಹೇಳಿದ್ದೇನೆ, ಇಬ್ಬರೂ ಜೊತೆಗೇ.