ಕೆಂಪು ಬಣ್ಣ ಮಾಯವಾದರೆ ಪರೀಕ್ಷೆ ತಪ್ಪೇ?

ಉಡುಪಿಯ ಪದವಿಪೂರ್ವ ಕಾಲೇಜೊಂದರ ರಸಾಯನಶಾಸ್ತ್ರ ಉಪನ್ಯಾಸಕಿಯವರು ಬರೆದಿದ್ದಾರೆ: “ಎಥನಾಲ್ ಇದ್ದ ಪ್ರನಾಳಕ್ಕೆ ಸೆರಿಕ್ ಅಮೋನಿಯಂ ನೈಟ್ರೇಟ್ ದ್ರಾವಣ ಹಾಕಿದಾಗ ಕೆಂಪು ಬಣ್ಣ ಬಂತು, ಬಿಸಿನೀರಿನಲ್ಲಿಟ್ಟ ಮೇಲೆ ಅದು ಮಾಯವಾಯಿತು. ಕೆಲವು ಮಕ್ಕಳು ‘ಆಲ್ಕೋಹಾಲ್ ಇಲ್ಲ’ ಎಂದು ಬರೆದರು. ದ್ರಾವಣ ಹಾಳಾಗಿದೆಯೇ? ಈ ಉಪ್ಪಿಗೆ ಬೇರೆ ಉಪಯೋಗ ಉಂಟೇ?”

ಮಾನ್ಯರೇ, ನಿಮ್ಮ ದ್ರಾವಣ ಹಾಳಾಗಿಲ್ಲ. ಪ್ರನಾಳದಲ್ಲಿ ಒಂದರ ಹಿಂದೊಂದು ನಡೆದ ಎರಡು ಬೇರೆ ಬೇರೆ ಕ್ರಿಯೆಗಳನ್ನು ಮಕ್ಕಳು ಒಂದೇ ಎಂದುಕೊಂಡಿದ್ದಾರೆ. ಈ ಉಪ್ಪಿನಲ್ಲಿ ಸೀರಿಯಂ ಎಂಬ ಲೋಹದ ಅಯಾನಿನ ಸುತ್ತ 6 ನೈಟ್ರೇಟುಗಳಿದ್ದು, ಪ್ರತಿಯೊಂದೂ ಎರಡೆರಡು ಆಮ್ಲಜನಕಗಳಿಂದ ಅದನ್ನು ಹಿಡಿದುಕೊಂಡಿರುವುದರಿಂದ ಒಟ್ಟು 12 ಬಂಧಗಳಾಗುತ್ತವೆ. ದ್ರಾವಣದಲ್ಲಿ ಈ ಹಿಡಿತ ಸಡಿಲವಾದಲ್ಲಿ ಆಲ್ಕೋಹಾಲ್ ಬಂದು ಸೇರಿಕೊಂಡಾಗ ಹುಟ್ಟುವ ಸಂಕೀರ್ಣದ ಬಣ್ಣವೇ ಆ ಕೆಂಪು. ಆ ಕ್ಷಣದಲ್ಲಿ ಸೀರಿಯಂ ಇನ್ನೂ +4 ಸ್ಥಿತಿಯಲ್ಲೇ ಇರುತ್ತದೆ, ಆಲ್ಕೋಹಾಲಿನ ಉತ್ಕರ್ಷಣ, ಅಂದರೆ ಅದು ಎಲೆಕ್ಟ್ರಾನ್ ಕಳೆದುಕೊಳ್ಳುವುದು, ಆಗಿರುವುದಿಲ್ಲ. ಬಿಸಿ ತಾಗಿದಾಗ ಸೀರಿಯಂ ಆಲ್ಕೋಹಾಲಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು, ಬಣ್ಣವಿಲ್ಲದ +3 ಸ್ಥಿತಿಗೆ ಇಳಿಯುತ್ತದೆ. ಹೀಗಾಗಿ ಕೆಂಪು ಬಂದದ್ದು ಆಲ್ಕೋಹಾಲ್ ಇದೆ ಎಂಬುದಕ್ಕೆ ಸಾಕ್ಷಿಯಾದರೆ, ಕೆಂಪು ಹೋದದ್ದು ಅದು ಉತ್ಕರ್ಷಣಗೊಂಡಿತು ಎಂಬುದಕ್ಕೆ ಸಾಕ್ಷಿ. ಎರಡನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆದ ವಿದ್ಯಾರ್ಥಿಗೆ ದಯವಿಟ್ಟು ಪೂರ್ಣ ಅಂಕ ಕೊಡಿ.

ಇದರ ಉತ್ಕರ್ಷಕ ಶಕ್ತಿ ಸಣ್ಣದೇನಲ್ಲ. ನೈಟ್ರಿಕ್ ಆಮ್ಲದಲ್ಲಿ ಇದರ ವಿಭವ (ಎಲೆಕ್ಟ್ರಾನ್ ಕಿತ್ತುಕೊಳ್ಳುವ ಬಲದ ಅಳತೆ) ಸುಮಾರು 1.61 ವೋಲ್ಟ್, ನಿಮ್ಮ ಮಕ್ಕಳಿಗೆ ಪರಿಚಿತವಾದ ಪರ್ಮಾಂಗನೇಟಿನದು ಆಮ್ಲೀಯ ದ್ರಾವಣದಲ್ಲಿ 1.51. ಆದರೆ ಸೀರಿಯಂ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಬೆಂಜೈಲ್ ಆಲ್ಕೋಹಾಲನ್ನು ಬೆಂಜಾಲ್ಡಿಹೈಡ್ ಮಾಡಲು ಎರಡು ಎಲೆಕ್ಟ್ರಾನ್ ಹೋಗಬೇಕಾದ್ದರಿಂದ, 108 ಗ್ರಾಂ ಆಲ್ಕೋಹಾಲಿಗೆ ಹೆಚ್ಚುಕಡಿಮೆ 1,096 ಗ್ರಾಂ ಉಪ್ಪು ಬೇಕು. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದರೆ, ಸೋಡಿಯಂ ಬ್ರೋಮೇಟಿನಂಥ ಅಗ್ಗದ ಉತ್ಕರ್ಷಕವನ್ನು ಜೊತೆಗಿಟ್ಟು, ಸ್ವಲ್ಪವೇ ಸೀರಿಯಂ ಮತ್ತೆ ಮತ್ತೆ +4ಕ್ಕೆ ಏರುವಂತೆ ಮಾಡುವುದೇಕೆ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಉಪಯೋಗಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಚಿಪ್ ತಯಾರಿಕೆಯದು. ಸರ್ಕಿಟ್ಟಿನ ನಕ್ಷೆ ಹೊತ್ತ ಗಾಜಿನ ಮಾಸ್ಕಿನ ಮೇಲಿನ ತೆಳು ಕ್ರೋಮಿಯಂ ಪದರದಲ್ಲಿ, ಬೇಡವಾದ ಭಾಗವನ್ನಷ್ಟೇ ಕರಗಿಸಿ ತೆಗೆಯಲು ಪರ್‌ಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಬೆರೆಸಿದ ಇದೇ ಕಿತ್ತಳೆ ದ್ರಾವಣವನ್ನು ಬಳಸುತ್ತಾರೆ. ಸಂಶ್ಲೇಷಣೆಯ ಪ್ರಯೋಗಾಲಯಗಳಲ್ಲಿ ಹೈಡ್ರೋಕ್ವಿನೋನನ್ನು ಕ್ವಿನೋನ್ ಮಾಡಲೂ ಇದು ಬೇಕು. ಅನುಮಾಪನದಲ್ಲಂತೂ (ಟೈಟ್ರೇಷನ್) ಪರ್ಮಾಂಗನೇಟಿಗಿಂತ ಇದು ನಂಬಿಕಸ್ಥ: ಶುದ್ಧ ಉಪ್ಪನ್ನು ನೇರವಾಗಿ ತೂಗಿ ಪ್ರಮಾಣಿತ ದ್ರಾವಣ ಮಾಡಬಹುದು, ಫೆರೋಯಿನ್ ಸೂಚಕ ಕೆಂಪಿನಿಂದ ತಿಳಿನೀಲಿಗೆ ತಿರುಗುವುದು ಸ್ಪಷ್ಟವಾಗಿ ಕಾಣುತ್ತದೆ.

ಸೀರಿಯಂ ನಮಗೆ ದೂರದ್ದೂ ಅಲ್ಲ. ನಮ್ಮದೇ ಪಡುಗಡಲ ದಂಡೆಯಲ್ಲಿ ತೆಂಕಣಕ್ಕೆ ಹೋದರೆ ಸಿಗುವ ಕೇರಳದ ಚವರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ. ಅದರಲ್ಲಿ ಸೀರಿಯಂ ಇದೆ. ಆಲುವಾದ ಸರ್ಕಾರಿ ಕಾರ್ಖಾನೆ ಮೊನಜೈಟ್ ಸಂಸ್ಕರಣೆ ಆರಂಭಿಸಿದ್ದು 1952ರಲ್ಲಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಉಪ್ಪು ತೇವ ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಹರಳುಗಳು ಗಟ್ಟಿಕಟ್ಟಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ಅಪಾಯ, ಸ್ಪಿರಿಟ್, ಅಸಿಟೋನ್ ಇರುವ ಕಪಾಟಿನಲ್ಲೇ ಇದನ್ನಿಡುವುದು. ಚೆಲ್ಲಿದ ಹರಳನ್ನು ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಹಾಕಲೇಬಾರದು, ಬೆಂಕಿ ಹತ್ತಬಹುದು. ದ್ರಾವಣವನ್ನು ಬರಿಯ ನೀರಿನಲ್ಲಿ ಮಾಡದೆ ದುರ್ಬಲ ನೈಟ್ರಿಕ್ ಆಮ್ಲದಲ್ಲೇ ಮಾಡಿ. ಇಲ್ಲವಾದರೆ ಸೀರಿಯಂ ಜಲವಿಭಜನೆಗೊಂಡು ಗಸಿಯಾಗಿ ತಳಕ್ಕಿಳಿಯುತ್ತದೆ. ಉಳಿದ ದ್ರಾವಣಕ್ಕೆ, ಕಿತ್ತಳೆ ಬಣ್ಣ ಇಳಿಯುವವರೆಗೆ, ನಿಮ್ಮಲ್ಲಿ ಹೇಗೂ ಇರುವ ಮೋರ್ ಲವಣದ (ಫೆರಸ್ ಅಮೋನಿಯಂ ಸಲ್ಫೇಟ್) ದ್ರಾವಣ ಬೆರೆಸಿ, ಆಮೇಲೆ ತ್ಯಾಜ್ಯದ ಬಾಟಲಿಗೆ ಹಾಕಿಡಿ.

— ಸಂಪಾದಕ, ಮಂಗಳೂರು