ಎಲೆ ಎತ್ತಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ಓದುಗರೊಬ್ಬರು ಬರೆದಿದ್ದಾರೆ: “ದೀಪಾವಳಿಗೆ ನೆಂಟರು, ನೆರೆಕರೆಯವರು ಸೇರಿ 60 ಮಂದಿ ನಮ್ಮಲ್ಲಿ ಊಟಕ್ಕಿದ್ದಾರೆ. ಪರಿಸರಕ್ಕೆ ಹೊರೆಯಾಗದಂತೆ ನಡೆಸಬೇಕೆಂದು ನನ್ನ ಆಸೆ. ಕೆಲಸಕ್ಕೆ ಜನವಿಲ್ಲ, ಪೇಪರ್ ಎಲೆ ಮತ್ತು ಬಾಟಲಿ ನೀರು ತರಿಸೋಣ ಎನ್ನುತ್ತಾರೆ ಮನೆಯವರು. ಅಡಿಕೆ ಹಾಳೆಯ ತಟ್ಟೆ ತಂದರೆ ಸಾಕಾದೀತೇ?”

ಸಂಪಾದಕರ ಉತ್ತರ: ಜನವಿಲ್ಲ ಎಂಬ ಮಾತು ಸುಳ್ಳಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿರುವ ಮನೆಗಳಲ್ಲಿ ಇಂಥ ಊಟದ ದುಡಿಮೆಯೆಲ್ಲ ಇಬ್ಬರು ಮೂವರು ಹೆಂಗಸರ ಮೇಲೆ ಬೀಳುತ್ತದೆ. ಪರಿಸರದ ಹೆಸರಿನಲ್ಲಿ ಅವರ ಹೊರೆಯನ್ನು ಇನ್ನಷ್ಟು ಹೆಚ್ಚಿಸುವ ಸಲಹೆಯನ್ನು ನಾನು ಕೊಡಲಾರೆ. ಆದರೆ ಪೇಪರ್ ಎಲೆಯನ್ನು ತರಿಸುವ ಮೊದಲು ಒಂದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಗುರಿನಿಂದ ಕೆರೆದು ನೋಡಿ. ಕಾಗದ ಹಿಟ್ಟಾಗಿ ಕಳಚಿಕೊಂಡು, ತೆಳ್ಳಗಿನ ಪಾರದರ್ಶಕ ಹಾಳೆಯೊಂದು ಹರಿಯದೆ ಕೈಯಲ್ಲಿ ಉಳಿಯುತ್ತದೆ. ಅದು ಪಾಲಿಥೀನ್. ಉಪ್ಪು, ಬೆಲ್ಲ ತಾಗಿದ ಆ ಎಲೆಯನ್ನು ದನ ತಿಂದರೆ ಅದು ಕರಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಕೇರಳದಲ್ಲಿ 2020ರ ಜನವರಿ 1ರಂದು ಜಾರಿಗೆ ಬಂದ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೇಪಿಸಿದ ಕಾಗದದ ತಟ್ಟೆ, ಲೋಟಗಳೂ ಇದ್ದವೆಂಬುದನ್ನು ನಾವು ಬೇಗನೆ ಮರೆತುಬಿಟ್ಟೆವು.

ಹಾಳೆ ತಟ್ಟೆ ಒಳ್ಳೆಯದೇ. ಸಂಜೆಯ ತಿಂಡಿಗೆ ಧಾರಾಳವಾಗಿ ಬಳಸಿ. ಆದರೆ ತೋಟದಲ್ಲಿ ಬಾಳೆಯಿರುವವರು ಊಟಕ್ಕೆ ಅದನ್ನು ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ಲೋಟ ಮತ್ತು ಬಡಿಸುವ ಪಾತ್ರೆಗಳನ್ನು ಹತ್ತಿರದ ದೇವಸ್ಥಾನದಲ್ಲೋ ಭಜನಾ ಮಂದಿರದಲ್ಲೋ ಕೇಳಿ ತನ್ನಿ. ದೀಪಾವಳಿಯ ಹೊತ್ತಿಗೆ ಬಾವಿಗಳಲ್ಲೂ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲೂ ನೀರಿರುವುದರಿಂದ ತೊಳೆಯುವ ಚಿಂತೆ ಅಷ್ಟಿಲ್ಲ. ಇದೇ ಊಟ ವಿಷುವಿಗಾಗಿದ್ದರೆ, ಏಪ್ರಿಲಿನ ಬರದಲ್ಲಿ ಸ್ಟೀಲಿನ ಪಾತ್ರೆಗಳನ್ನು ಆದಷ್ಟು ಕಡಿಮೆ ಮಾಡಿ ಎನ್ನುತ್ತಿದ್ದೆ. ರಾಮಚ್ಚದ (ಲಾವಂಚದ) ಬೇರು ಹಾಕಿ ಕುದಿಸಿ ಆರಿಸಿದ ನೀರನ್ನು ಎರಡು ಕೊಡಪಾನಗಳಲ್ಲಿ ಇಟ್ಟರೆ ಬಾಟಲಿಯನ್ನು ಯಾರೂ ಕೇಳುವುದಿಲ್ಲ.

ನಾವು ಪ್ಲಾಸ್ಟಿಕ್ಕಿನ ಬಗ್ಗೆ ಮಾತನಾಡುವಷ್ಟು ಹಾಳಾಗುವ ಅನ್ನದ ಬಗ್ಗೆ ಮಾತನಾಡುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಬೆಳೆಯುವುದಕ್ಕೆ ಸುರಿದ ನೀರು, ಗೊಬ್ಬರ, ಬೇಯಿಸಿದ ಕಟ್ಟಿಗೆ ಎಲ್ಲವೂ ಆ ಅನ್ನದೊಂದಿಗೆ ಹೋಗುತ್ತವೆ. ನಮ್ಮ ಕಡೆಯ ಹಬ್ಬದೂಟದಲ್ಲಿ ಅನ್ನ ಉಳಿಯಲು ಮುಖ್ಯ ಕಾರಣ ಬಗೆಗಳ ಸಂಖ್ಯೆ ಮತ್ತು ಒತ್ತಾಯದ ಬಡಿಸುವಿಕೆ ಎಂದು ನನ್ನ ದೃಢವಾದ ಅಭಿಪ್ರಾಯ. ಎರಡು ಪಾಯಸ, ಹೋಳಿಗೆ, ಮೇಲೆ ಪೇಟೆಯ ಸಿಹಿತಿಂಡಿ ಇರುವ ಊಟದಲ್ಲಿ ಅನ್ನ ಯಾರಿಗೆ ಬೇಕಾಗುತ್ತದೆ? ಹತ್ತು ಮಂದಿಗೆ ಒಂದು ಕಿಲೋ ಅಕ್ಕಿಯ ಲೆಕ್ಕದಲ್ಲಿ ಆರು ಕಿಲೋ ಸಾಕು. ಅದನ್ನೂ ಎರಡು ಹಂತದಲ್ಲಿ ಬೇಯಿಸಿ, ಎರಡನೆಯ ಹಂಡೆಯನ್ನು ಮೊದಲ ಪಂಕ್ತಿ ಏಳುವಾಗ ನೋಡಿಕೊಂಡು ಒಲೆಗೇರಿಸಿ. ಮೊದಲ ಬಾರಿ ಸೌಟಿನ ಅರ್ಧ ಬಡಿಸಿ, ಬೇಕಾದವರಿಗೆ ಮತ್ತೆ ಮತ್ತೆ ಬನ್ನಿ ಎಂದು ಬಡಿಸುವ ಹುಡುಗರಿಗೆ ಮೊದಲೇ ಹೇಳಿಡಿ. ಹಿರಿಯರು ಇದನ್ನು ಕೈಹಿಡಿತವೆಂದು ತಿಳಿಯದಂತೆ ಬಡಿಸುವವರು ಪಂಕ್ತಿಯಲ್ಲಿ ಸುಳಿಯುತ್ತಲೇ ಇರಬೇಕು, ಅಷ್ಟೆ.

ತರಕಾರಿಗೆ ಘಟ್ಟದ ಮೇಲಿನಿಂದ ಬರುವ ಕ್ಯಾರೆಟ್, ಹೂಕೋಸುಗಳನ್ನು ಕಾಯಬೇಕಿಲ್ಲ. ಸೌತೆಕಾಯಿಯ ಕೊದ್ದೆಲು, ಬೂದುಕುಂಬಳದ ಮಜ್ಜಿಗೆ ಹುಳಿ, ಬಾಳೆದಿಂಡಿನ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಒಂದು ಪದಾರ್ಥ, ಅರಿಶಿನದ ಎಲೆಯಲ್ಲಿ ಬೇಯಿಸಿದ ಗಟ್ಟಿ ಎಂಬ ಅಕ್ಕಿಯ ಕಡುಬು, ಇವಿಷ್ಟಿದ್ದರೆ ಊಟ ತುಂಬಿತು. ಗೇರು ತೋಟಗಳಿಗೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕದ ಫಲವನ್ನು ಎಣ್ಮಕಜೆಯ ಮನೆಗಳಲ್ಲಿ ಕಣ್ಣಾರೆ ಕಂಡ ಜಿಲ್ಲೆಯವರಾದ ನಾವು ತರಕಾರಿಗೆ ಏನು ಹೊಡೆದಿದ್ದಾರೆಂದು ಕೇಳದೆ ಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಇನ್ನು ಎಲೆ ಎತ್ತಿದ ಮೇಲಿನ ಮಾತು. ಬಾಳೆ ಎಲೆಯನ್ನೇ ಹಾಕಿ, ಕೊನೆಗೆ ಅದನ್ನು ಟಿಶ್ಯೂ, ಐಸ್‌ಕ್ರೀಮ್ ಕಪ್ಪುಗಳೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಅದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಉಗುಳುತ್ತದೆ. ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಕೈತೊಳೆಯುವಲ್ಲಿಯೇ ಎಲೆಗೊಂದು, ಉಳಿದ ಕಸಕ್ಕೊಂದು ಎಂದು ಎರಡು ಬುಟ್ಟಿಗಳಿರಲಿ, ಅವರವರ ಎಲೆಯನ್ನು ಅವರವರೇ ತಂದು ಹಾಕಲಿ. ಮನೆಯ ಹೆಂಗಸರ ಕೆಲಸದಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ. ಹಾಲಿನ ಪ್ಯಾಕೆಟಿನಂಥವನ್ನು ತೊಳೆದು ಒಣಗಿಸಿಟ್ಟರೆ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಒಯ್ಯುತ್ತಾರೆ.

ಉಳಿದ ಅನ್ನ, ಪಾಯಸವನ್ನು ಹಟ್ಟಿಯ ದನದ ಮುಂದೆ ಸುರಿಯಬೇಡಿ. ಬೆಂದ ಅನ್ನ ಒಮ್ಮೆಲೇ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲವೇರಿ ಹಸು ಸಾಯುವುದೂ ಉಂಟು. ಕರೆಯುವಾಗಲೇ ಬುತ್ತಿ ಪಾತ್ರೆ ತನ್ನಿ ಎಂದು ನೆಂಟರಿಗೆ ಹೇಳಿಬಿಡಿ. ಅದರ ಮೇಲೂ ಉಳಿದದ್ದನ್ನು ಎಲೆಗಳೊಂದಿಗೆ ಗೊಬ್ಬರದ ಗುಂಡಿಗೆ ಹಾಕಿ, ಸೆಗಣಿ ನೀರು ಚಿಮುಕಿಸಿ, ಒಣಸೊಪ್ಪು ಮುಚ್ಚಿದರೆ ನಾಯಿ, ನೊಣಗಳ ಕಾಟ ಕಡಿಮೆಯಾಗುತ್ತದೆ.